ಗಾಳಿಗೋಪುರಕ್ಕೆ ನಾಲ್ಕು ಚಕ್ರ

ನಮ್ಮ ಮನೆಗೆ ಎಂಟು ಕಿಟಕಿಗಳಿವೆ. ಎಂಟನ್ನೂ ನಾನೇ ಅಳತೆ ತೆಗೆದು, ನಾನೇ ಮಾಡಿಸಿ, ನಾನೇ ಕೂರಿಸಿದ್ದು. ಕಿಟಕಿ ನನ್ನ ಕಸುಬು. ಚಾಚಾಕ್ ಪೇಟೆಯಲ್ಲಿ ‘ಕಿಟಕಿ ವಿತೊಮಿರ್’ ಎಂದು ಕೇಳಿದರೆ ಯಾರು ಬೇಕಾದರೂ ಅಂಗಡಿ ತೋರಿಸುತ್ತಾರೆ. ಇಂತಿಪ್ಪ ನಾನು, ಮದುವೆಯಾದ ಮೂವತ್ತೊಂದು ವರ್ಷಗಳಲ್ಲಿ, ನನ್ನ ಸ್ವಂತ ಮನೆಯ ಎದುರುಬದುರಿನ ಎರಡು ಕಿಟಕಿಗಳನ್ನು ಒಂದೇ ಸಲಕ್ಕೆ ತೆರೆದದ್ದಿಲ್ಲ. ಮಿಠಾಯಿ ಅಂಗಡಿಯವನಿಗೆ ಸಕ್ಕರೆ ಕಾಯಿಲೆ ಬಂದರೆ ಹೇಗಿರುತ್ತದೋ ಹಾಗಿದೆ ನನ್ನ ಬಾಳು.

ಕಾರಣ ಅಡ್ಡಗಾಳಿ. ಒಂದು ಕಿಟಕಿಯಿಂದ ಒಳಗೆ ಬಂದು ಎದುರಿನ ಕಿಟಕಿಯಿಂದ ಹೊರಗೆ ಹೋಗುವ ಬಡಪಾಯಿ ಗಾಳಿ ಅದು. ಯಾರ ತಂಟೆಗೂ ಬರುವುದಿಲ್ಲ. ಆದರೆ ನಮ್ಮ ಸೆರ್ಬಿಯಾದಲ್ಲಿ ಅದಕ್ಕಿರುವ ಕೆಟ್ಟ ಹೆಸರು ತೋಳಕ್ಕೂ ಇಲ್ಲ. ಕತ್ತು ಹಿಡಿದರೆ ಅಡ್ಡಗಾಳಿ, ಹಲ್ಲು ನೋವಾದರೆ ಅಡ್ಡಗಾಳಿ. ಬಾಯಿ ಸೊಟ್ಟಗಾದರೆ, ಸೊಂಟ ಹಿಡಿದರೆ, ಸೊಸೆಗೆ ಮಕ್ಕಳಾಗದಿದ್ದರೆ, ಆದ ಮಕ್ಕಳು ಲೆಕ್ಕದಲ್ಲಿ ಫೇಲಾದರೆ, ಎಲ್ಲಕ್ಕೂ ಅದೇ. ಸುಲ್ತಾನರ ಮುಂದೆ ಎದೆ ಸೆಟೆಸಿ ನಿಂತ ಜನ ಎಂದು ಶಾಲೆಯಲ್ಲಿ ನಮ್ಮ ಬಗ್ಗೆ ಪಾಠವಿದೆ. ಅದೇ ಜನ ಜುಲೈ ತಿಂಗಳ ಬಸ್ಸಿನಲ್ಲಿ ಸುಟ್ಟ ಬದನೆಕಾಯಿಯಂತಾದರೂ ಎರಡನೆಯ ಕಿಟಕಿ ತೆರೆಯಲು ಬಿಡುವುದಿಲ್ಲ. ನನ್ನ ಗಿರಾಕಿಗಳನ್ನೇ ನೋಡಿ. ಕಿಟಕಿ ಹೇಗೆ ತೆರೆಯುತ್ತದೆ ಎಂದು ಯಾರೂ ಕೇಳುವುದಿಲ್ಲ; ಹೇಗೆ ಮುಚ್ಚುತ್ತದೆ ಎಂದು ಕೇಳುತ್ತಾರೆ. ನಾನೂ ‘ಸೊಳ್ಳೆಯ ಉಸಿರು ಕೂಡ ಒಳಗೆ ಬರಲ್ಲ ಸ್ವಾಮಿ’ ಎಂದು ಮಾರಿಬಿಡುತ್ತೇನೆ. (ಹೊಟ್ಟೆಪಾಡು.)

ನಮ್ಮ ಮನೆಯ ವಾಯುಸೇನೆಗೆ ದಂಡನಾಯಕಿ ನನ್ನ ಅತ್ತೆ. ಹೆಸರು ಕ್ರೂನಾ. ಆತುರದಲ್ಲಿ ಕರುಣಾ ಎಂದು ಓದಿಕೊಂಡರೆ ನಾನು ಜವಾಬ್ದಾರನಲ್ಲ. ನಮ್ಮ ಭಾಷೆಯಲ್ಲಿ ಕ್ರೂನಾ ಎಂದರೆ ಕಿರೀಟ. ಆ ಕಿರೀಟ ನನ್ನ ತಲೆಯ ಮೇಲೆ ಕೂತು ಬಹಳ ವರ್ಷಗಳಾದವು. ‘ಚಳಿಗಾಲ ಕಳೆಯುವವರೆಗೆ’ ಎಂದು ಬಂದವರು ಅವರು. ಯಾವ ಚಳಿಗಾಲ ಎಂದು ನಾವು ಬಾಯಿಬಿಟ್ಟು ಕೇಳಲಿಲ್ಲ. ಬರುವಾಗ ಜೊತೆಗೊಂದು ಹಾವನ್ನೂ ತಂದರು. ಹೆದರಬೇಡಿ, ಹಳೆಯ ಕೋಟಿನ ತೋಳುಗಳಿಗೆ ಮರಳು ತುಂಬಿ ಹೊಲಿದ ಬಟ್ಟೆಯ ಹಾವು ಅದು. ಬಾಗಿಲ ಬುಡದ ಸಂದಿಗೆ ಅಡ್ಡ ಮಲಗಿಸಿದರೆ ಗಾಳಿ ನುಸುಳುವುದಿಲ್ಲ. ಅದಕ್ಕೆ ಎರಡು ಗುಂಡಿಗಳ ಕಣ್ಣೂ ಇವೆ. ನಾನು ಎದ್ದರೂ ಕೂತರೂ ಅದು ನನ್ನನ್ನೇ ನೋಡುತ್ತಿರುತ್ತದೆ.

ನನ್ನ ಹೆಂಡತಿ ಲೆಪಾ ಬೇರೆಲ್ಲ ವಿಷಯಗಳಲ್ಲೂ ಬುದ್ಧಿವಂತೆ. ಇಪ್ಪತ್ತು ವರ್ಷ ಬೇಕರಿಯ ವ್ಯಾನ್ ಓಡಿಸಿದವಳು. ತಟ್ಟೆಯಲ್ಲಿದ್ದ ಬನ್ನು ಕದಲದಂತೆ ಗಲ್ಲಿಗಲ್ಲಿಗಳಲ್ಲಿ ಹಿಂದಕ್ಕೆ ತೆಗೆಯುತ್ತಿದ್ದಳಂತೆ. ಆದರೆ ಗಾಳಿಯ ವಿಷಯದಲ್ಲಿ ಮಾತ್ರ ಅಮ್ಮನ ಮಗಳು.

ನನಗೆ ಬೇಕಾಗಿದ್ದದ್ದು ಅರಮನೆಯಲ್ಲ. ಎರಡೂ ಕಡೆಯ ಕಿಟಕಿ ತೆರೆದಿಟ್ಟು ಒಂದೇ ಒಂದು ರಾತ್ರಿ ಮಲಗಬೇಕು, ಅಷ್ಟೇ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸೈನ್ಯದ ಕಡ್ಡಾಯ ಚಾಕರಿಗೆ ಹೋಗಿದ್ದಾಗ ಈಗ ಗಡಿಯಾಚೆ ಮೊಂಟೆನೆಗ್ರೊ ದೇಶಕ್ಕೆ ಸೇರಿರುವ ದುರ್ಮಿತೊರ್ ಪರ್ವತದ ತಪ್ಪಲಲ್ಲಿ ನಮ್ಮ ಡೇರೆ ಇತ್ತು. ಮುಂದೂ ತೆರೆದದ್ದು, ಹಿಂದೂ ಹರಿದದ್ದು. ಪೈನ್ ಮರಗಳ ಕಡೆಯಿಂದ ಬಂದ ಗಾಳಿ ಮುಖ ಸವರಿ ಹಿಂದಿನ ತೂತಿನಿಂದ ಹೊರಟುಹೋಗುತ್ತಿತ್ತು. ಅಂಥ ನಿದ್ದೆ ಆಮೇಲೆ ನನಗೆ ಬಂದಿಲ್ಲ. ಬೆಳಿಗ್ಗೆ ಎದ್ದಾಗ ಜಗತ್ತಿನ ಮೇಲೆ ಯಾವ ದೂರೂ ಇರುತ್ತಿರಲಿಲ್ಲ, ಸುಬೇದಾರನ ಮೇಲೂ.

ಹೀಗಿರುವಾಗ ಗೆಳೆಯ ಮಿಲೋಯೆ ಜರ್ಮನಿಯಿಂದ ನಿವೃತ್ತನಾಗಿ ಊರಿಗೆ ಬಂದ. ಬರುವಾಗ ಒಂದು ಮನೆಗಾಡಿ ತಂದ. ಹಾಸಿಗೆ, ಒಲೆ, ಕಕ್ಕಸು ಎಲ್ಲ ಒಳಗೇ ಇದ್ದು, ಬೇಕೆಂದ ಕಡೆ ನಿಲ್ಲಿಸಿ ಸಂಸಾರ ಮಾಡಬಹುದಾದ ಗಾಡಿ. ನಾನು ಅದರೊಳಗೆ ಕಾಲಿಟ್ಟವನು ಕಿಟಕಿಗಳನ್ನು ನೋಡಿ ಅಲ್ಲೇ ನಿಂತುಬಿಟ್ಟೆ. ಎಡಕ್ಕೆ ಮೂರು, ಬಲಕ್ಕೆ ಮೂರು, ಮಲಗುವ ಕಡೆ ಒಂದು, ಸಾಲದ್ದಕ್ಕೆ ಚಾವಣಿಯಲ್ಲೂ ಗವಾಕ್ಷಿಗಳು. ಹಾಸಿಗೆ ಮಾತ್ರ ಇಬ್ಬರಿಗೇ ಆಗುವಷ್ಟಿತ್ತು. ಗಾಳಿ ಬಂದಾಗ ತೂರಿಕೋ ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ? ಆಗಸ್ಟಿನಲ್ಲಿ ಒಂದು ವಾರ ಗಾಡಿ ಕೊಡುತ್ತೀಯಾ ಎಂದೆ. ಕೊಡುತ್ತೇನೆ, ಅದರ ಮುಂದಿನ ವಾರ ನಾನೇ ಸಮುದ್ರಕ್ಕೆ ಹೋಗಬೇಕು, ಅಷ್ಟರೊಳಗೆ ತಂದು ನಿಲ್ಲಿಸು, ಗೀರು ಬಿದ್ದರೆ ಮಾತ್ರ ಗೆಳೆತನ ಮುಗಿಯಿತು ಎಂದ. ನಾವಿಬ್ಬರೂ ಪ್ಲಮ್ ಸಾರಾಯಿ ಕುಡಿದು ಒಪ್ಪಂದಕ್ಕೆ ಮುದ್ರೆ ಒತ್ತಿದೆವು.

ಭಾನುವಾರದ ಊಟಕ್ಕೆ ಕೋಳಿ ಸಾರು ಬಡಿಸಿದ ಮೇಲೆ ನಾನು ಗಂಟಲು ಸರಿಮಾಡಿಕೊಂಡು ದುರ್ಮಿತೊರ್ ಯಾತ್ರೆಯ ಯೋಜನೆಯನ್ನು ಸಭೆಯ ಮುಂದಿಟ್ಟೆ. ಮನೆಗಾಡಿಯಲ್ಲಿ ನಾನು ಮತ್ತು ಲೆಪಾ, ಇಬ್ಬರೇ. ಲೆಪಾಳ ಚಮಚ ಅರ್ಧದಲ್ಲೇ ನಿಂತಿತು.

“ಕರಿಸರೋವರಕ್ಕೂ ಹೋಗ್ತೀವಾ?”

ಹೋಗುತ್ತೇವೆ ಎಂದೆ. ಮದುವೆಯಾದ ಹೊಸದರಲ್ಲಿ ದುರ್ಮಿತೊರ್‌ನ ಆ ಸರೋವರ ತೋರಿಸುತ್ತೇನೆಂದು ಮಾತು ಕೊಟ್ಟು, ಅವಳನ್ನು ಕ್ರಾಲ್ಯೆವೊ ಊರಿನ ನನ್ನ ಸೋದರತ್ತೆಯ ಮನೆಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಐದು ಕಿಟಕಿ ಕೂರಿಸುವ ಕೆಲಸ ಇತ್ತು. ಮಧುಚಂದ್ರವನ್ನು ಅವಳು ಚೌಕಟ್ಟು ಹಿಡಿದುಕೊಂಡು ಕಳೆದಳು. ಈ ವಿಷಯವನ್ನು ಅವಳು ಎಂದೂ ಎತ್ತಿ ಆಡಿದವಳಲ್ಲ. ವರ್ಷಕ್ಕೆ ನಾಲ್ಕೈದು ಸಲ ಜ್ಞಾಪಿಸುತ್ತಾಳೆ, ಅಷ್ಟೇ.

ಅತ್ತೆಯವರು ಬ್ರೆಡ್ಡಿನ ತುಂಡಿನಿಂದ ತಟ್ಟೆ ಒರೆಸುತ್ತ, ಮುದುಕಿಯ ಚಿಂತೆ ಬೇಡ, ನಾನು ಇಲ್ಲೇ ಗೋಡೆ ನೋಡಿಕೊಂಡು ಇರುತ್ತೇನೆ, ಗೋಡೆಗೂ ಜೊತೆ ಬೇಕಲ್ಲ ಎಂದರು. ಇಂಥ ಮಾತು ಕೇಳಿ ಕರಗುವ ವಯಸ್ಸು ನನ್ನದಲ್ಲ. ದುಃಖದ ಮುಖ ಮಾಡಿ, ಏನು ಮಾಡುವುದು, ಗಾಡಿಯಲ್ಲಿ ಎರಡೇ ಹಾಸಿಗೆ ಎಂದೆ.

ಮುಂದಿನ ಶುಕ್ರವಾರ ಮಿಲೋಯೆ ಗಾಡಿಯನ್ನು ನಮ್ಮ ಅಂಗಳಕ್ಕೆ ತಂದು ಪ್ಲಮ್ ಮರದ ಪಕ್ಕ ನಿಲ್ಲಿಸಿದ. ಪರಿಶೀಲನೆಗೆ ಮೊದಲು ಹತ್ತಿದವರು ಅತ್ತೆ. ಬೇಸಿಗೆಯಲ್ಲೂ ಬಿಡದ ಉಣ್ಣೆಯ ಕಾಲುಚೀಲ, ಸೊಂಟಕ್ಕೆ ಸುತ್ತಿದ ಶಾಲು. ಗಾಡಿಯ ನಟ್ಟನಡುವೆ ನಿಂತು, ತೋರುಬೆರಳು ನೆಕ್ಕಿ ಮೇಲೆತ್ತಿ, ಒಂದು ಸುತ್ತು ತಿರುಗಿದರು. ಎಲ್ಲ ಮುಚ್ಚಿದ್ದರೂ ಅವರಿಗೆ ಗಾಳಿ ಸಿಕ್ಕಿತು. ಆಮೇಲೆ ಒಂದೊಂದೇ ಕಿಟಕಿ ಎಣಿಸಿದರು. ಎಣಿಸಿ ಮುಗಿಸಿ ನನ್ನ ಕಡೆ ನೋಡಿದರು.

“ಅಳಿಯಂದಿರೇ, ಇದು ಮನೆಯಲ್ಲ. ಕೊಳಲು.”

ಮಿಲೋಯೆ ಜರ್ಮನಿಯ ಗಾಡಿಗೆ ಆದ ಅವಮಾನ ಸಹಿಸದೆ ಅದರ ಗುಣಗಾನ ಆರಂಭಿಸಿದ. ಒಲೆ ಹೀಗೆ, ನೀರು ಹಾಗೆ, ಕಕ್ಕಸು ಇಲ್ಲಿ. ಅತ್ತೆ ಕಕ್ಕಸಿನೊಳಗೆ ಬಗ್ಗಿ ನೋಡಿ, ಇದೆಲ್ಲ ಕೊನೆಗೆ ಹೋಗುವುದು ಎಲ್ಲಿಗೆ ಎಂದು ಕೇಳಿದರು. ಕೆಳಗೊಂದು ಡಬ್ಬಿ ಇದೆ ಅಜ್ಜಿ, ಅದರಲ್ಲಿ ಕೂಡಿಕೊಳ್ಳುತ್ತದೆ, ನಿಮ್ಮ ಜೊತೆಗೇ ಬರುತ್ತದೆ ಎಂದು ಅವನು ಹೆಮ್ಮೆಯಿಂದ ವಿವರಿಸಿದ.

“ಅಂದ್ರೆ ಇಲ್ಲಿಂದ ಹೊತ್ಕೊಂಡು ಮೊಂಟೆನೆಗ್ರೊಗೆ ಹೋಗೋದಾ? ಗಡಿಯಲ್ಲಿ ಏನು ತಂದಿದೀರಿ ಅಂತ ಕೇಳಿದ್ರೆ ನಮ್ಮ ಅಳಿಯಂದಿರು ಏನು ಹೇಳ್ತಾರೆ?”

ಲೆಪಾ ನಕ್ಕಳು. ನಾನೂ ನಕ್ಕೆ. ನಕ್ಕದ್ದು ತಪ್ಪಾಯಿತು. ಎಲ್ಲರೂ ನಗುತ್ತಿದ್ದಾರೆಂದು ಹುರುಪುಗೊಂಡ ಮಿಲೋಯೆ, ಇನ್ನೊಂದು ಚಮತ್ಕಾರ ತೋರಿಸುತ್ತೇನೆ ನೋಡಿ ಎಂದು ಊಟದ ಮೇಜಿನ ಕಾಲನ್ನು ಒದ್ದ. ಮೇಜು ಕೆಳಗೆ ಕೂತಿತು. ಅದರ ಮೇಲೆ ಎರಡು ದಿಂಬು ಎಳೆದ. ಮೂರನೆಯ ಹಾಸಿಗೆ ಸಿದ್ಧವಾಯಿತು. ನಾನು ಅವನ ಕಾಲು ತುಳಿಯುವಷ್ಟರಲ್ಲಿ ಅತ್ತೆ ಅದರ ಮೇಲೆ ಕೂತು, ಕುಪ್ಪಳಿಸಿ ನೋಡಿ, ಪರವಾಗಿಲ್ಲ, ಮೆತ್ತಗಿದೆ ಎಂದಾಗಿತ್ತು. ನಲವತ್ತು ವರ್ಷದ ಗೆಳೆತನ ಅಲ್ಲಿಗೆ ಒಂದು ಮೇಜಿನ ಕಾಲಿನಲ್ಲಿ ಮುರಿಯಬೇಕಾಗಿತ್ತು. ಗಾಡಿ ಅವನದಾದ್ದರಿಂದ ಸುಮ್ಮನಾದೆ.

ಅಂದು ಸಂಜೆ ಅಡುಗೆಮನೆಯಲ್ಲಿ ವಾಯುನೀತಿಯ ಬಗ್ಗೆ ಮಾತುಕತೆ ನಡೆಯಿತು. ತೀರ್ಮಾನಗಳು ಇವು: ಒಂದು ಸಲಕ್ಕೆ ಒಂದೇ ಕಿಟಕಿ, ಅದೂ ಹಗಲಲ್ಲಿ, ಅದೂ ಬೆರಳು ತೂರುವಷ್ಟು. ಚಾವಣಿಯ ಗವಾಕ್ಷಿಗಳಿಗೆ ಒಳಗಿನಿಂದ ಟವಲು. ರಾತ್ರಿ ಸಂಪೂರ್ಣ ಬಂದ್. ತಲೆಗೂದಲು ಒದ್ದೆ ಇರುವಾಗ ಯಾರೂ ಗಾಡಿಯಿಂದ ಇಳಿಯಬಾರದು. ತಣ್ಣನೆಯ ಬಂಡೆಯ ಮೇಲೆ ಯಾರೂ ಕೂರಬಾರದು. (ಪರ್ವತಕ್ಕೆ ಹೋಗಿ ಬಂಡೆಯ ಮೇಲೆ ಕೂರದೆ ಇನ್ನೆಲ್ಲಿ ಕೂರುವುದು ಎಂದು ನಾನು ಕೇಳಿದೆ. ನಿಮಗೆ ಮಕ್ಕಳಾಗುವ ವಯಸ್ಸು ದಾಟಿದೆ, ನೀವು ಬೇಕಾದರೆ ಕೂರಿ, ಆದರೆ ದಿಂಬು ಹಾಕಿಕೊಳ್ಳಿ ಎಂದು ಅತ್ತೆ ರಿಯಾಯಿತಿ ಕೊಟ್ಟರು.) ನಾನು ಎಲ್ಲಕ್ಕೂ ಹೂಂ ಎಂದೆ. ಮುದುಕಿ ಎಂಟಕ್ಕೆ ಗೊರಕೆ ಹೊಡೆಯುವವರು, ಲೆಪಾ ಒಂಬತ್ತಕ್ಕೆ. ಆಮೇಲೆ ಮೆಲ್ಲಗೆ ಎದ್ದು, ಎರಡೂ ಕಡೆ ಒಂದೊಂದು ಚಿಲಕ ಸರಿಸಿದರೆ ಕೇಳುವವರು ಯಾರು? ಕಿಟಕಿಯನ್ನು ಸದ್ದಿಲ್ಲದೆ ತೆರೆಯುವುದು ಇಡೀ ಜಿಲ್ಲೆಯಲ್ಲಿ ನನಗೊಬ್ಬನಿಗೇ ಗೊತ್ತು.

ಆಮೇಲೆ ಸಾಮಾನು ತುಂಬುವ ಪರ್ವ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುತ್ತಾರೆ. ನಮ್ಮ ಅತ್ತೆಯ ಕಣ್ಣಿಗೆ ದೂರದ ಬೆಟ್ಟ ಬರಗಾಲದ ಸೀಮೆ. ಅಲ್ಲಿ ಏನೂ ಸಿಗುವುದಿಲ್ಲ ಎಂದುಕೊಂಡು ಸುಟ್ಟ ಕೆಂಪು ಮೆಣಸಿನ ಚಟ್ನಿಯ ಭರಣಿಗಳು, ಉಪ್ಪಿನಲ್ಲಿ ಹಾಕಿದ ಎಲೆಕೋಸು, ಹೊಗೆ ಹಿಡಿಸಿದ ಮಾಂಸ, ಹಾಲಿನ ಕೆನೆ, ಮನೆಯೊಳಗೆ ಮೆಟ್ಟುವ ಜೋಡಿ ಜೋಡಿ ಚಪ್ಪಲಿ, ಬರುವ ಅತಿಥಿಗಳಿಗೆಂದು ಇನ್ನೆರಡು ಜೋಡಿ ಚಪ್ಪಲಿ ಎಲ್ಲ ಗಾಡಿ ಏರಿದವು. ಪರ್ವತದ ಮೇಲೆ ನಮಗೆ ಯಾವ ಅತಿಥಿ ಎಂದು ಕೇಳಿದೆ. ಯಾರಾದರೂ ಬಂದರೆ ಬರಿಗಾಲಲ್ಲಿ ನಿಲ್ಲಿಸುವುದೇ ಎಂದು ತಾಯಿ ಮಗಳು ಒಟ್ಟಿಗೆ ಕೇಳಿದರು. ಕೊನೆಗೆ ಹಾವೂ ಬಂದು ಮುಂದಿನ ಸೀಟಿನ ಕೆಳಗೆ ಸುರುಳಿ ಸುತ್ತಿ ಕೂತಿತು.

ಸೋಮವಾರ ಬೆಳಿಗ್ಗೆ ಹೊರಡುವುದೆಂದು ನಿಶ್ಚಯವಾಗಿತ್ತು. ಒಂದೇ ತೊಡಕು, ಗಾಡಿಯನ್ನು ಅಂಗಳದಿಂದ ಹೊರಗೆ ತೆಗೆಯುವುದು. ಹಿಂದಕ್ಕೆ ಹೋಗಬೇಕು, ಎಡಕ್ಕೆ ಪ್ಲಮ್ ಮರ, ಬಲಕ್ಕೆ ನೆರೆಮನೆಯ ಹೊಸ ಬೇಲಿ. ಶನಿವಾರ ಬೆಳಿಗ್ಗೆ ಅಭ್ಯಾಸಕ್ಕೆ ಕೂತೆ. ಲೆಪಾ ಮೆಟ್ಟಿಲ ಮೇಲೆ ನಿಂತು ಕಾಫಿ ಕುಡಿಯುತ್ತ ನೋಡಿದಳು. ಮೂರನೆಯ ಸಲ ಮರದ ಕೊಂಬೆ ಮುರಿದಾಗ, ನಾನು ತೆಗೆಯಲಾ ಎಂದಳು. ಬೇಕರಿ ವ್ಯಾನೇ ಬೇರೆ, ಇದೇ ಬೇರೆ, ಇದು ಆನೆ, ಇದಕ್ಕೆ ಮಾವುತ ಬೇಕು ಎಂದೆ. ಅವಳು ಕಾಫಿ ಲೋಟ ತೊಳೆಯಲು ಒಳಗೆ ಹೋದಳು. ನಾನು ಮಧ್ಯಾಹ್ನದ ತನಕ ಎಡಭುಜದ ಮೇಲಿಂದ ಹಿಂದಕ್ಕೆ ಕತ್ತು ತಿರುಗಿಸಿ, ತಿರುಗಿಸಿ, ತಿರುಗಿಸಿ ನೋಡುತ್ತ ಆನೆಯನ್ನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಆಡಿಸಿದೆ. (ಓದುಗರು ಈ ಕತ್ತಿನ ವಿಷಯ ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಮುಂದೆ ನನಗೆ ಬೇರೆ ಸಾಕ್ಷಿಗಳಿಲ್ಲ.)

ಊಟವಾದ ಮೇಲೆ ಹೆಂಗಸರಿಬ್ಬರೂ ಕಾಫಿಗೆಂದು ಪಕ್ಕದ ಬೀದಿಗೆ ಹೋದರು. ಅಂಗಳದಲ್ಲಿ ನಾನು ಮತ್ತು ಗಾಡಿ. ಸೋಮವಾರದವರೆಗೆ ಕಾಯಲು ನನ್ನಿಂದ ಆಗಲಿಲ್ಲ. ಒಳಗೆ ಹತ್ತಿದೆ. ಎಡಗಡೆಯ ಮೂರು ಚಿಲಕ, ಬಲಗಡೆಯ ಮೂರು ಚಿಲಕ, ಹಾಸಿಗೆಯ ಹತ್ತಿರದ್ದೊಂದು, ಗವಾಕ್ಷಿಗಳ ಟವಲು, ಎಲ್ಲ ತೆಗೆದೆ. ಅಂಗಿ ಬಿಚ್ಚಿದೆ. ಒಳಬನಿಯನ್ನೂ ಬಿಚ್ಚಿದೆ. ಬರಿಮೈಯಲ್ಲಿ ಹಾಸಿಗೆಯ ಮೇಲೆ ಬಿದ್ದುಕೊಂಡೆ.

ಗಾಳಿ ಬಂತು. ಏನು ಹೇಳಲಿ? ಪರದೆಗಳು ಎರಡೂ ಕಡೆ ಎದ್ದು ಕುಣಿದವು. ನೆರೆಮನೆಯಲ್ಲಿ ಮೆಣಸಿನಕಾಯಿ ಸುಡುವ ವಾಸನೆ ಒಳಗೆ ಬಂದು, ನನ್ನ ಹೊಟ್ಟೆಯ ಮೇಲೆ ಹಾದು, ಆ ಕಡೆ ಹೋಯಿತು. ಕಿವಿಯ ಹಿಂದೆ ತಣ್ಣಗಾಯಿತು. ನನಗೆ ಅಳು ಬರುವ ಹಾಗಾಯಿತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಇಷ್ಟು ಸಣ್ಣ ಸುಖಕ್ಕೆ ಇಷ್ಟು ವರ್ಷ ಕಾದೆನಲ್ಲ ಎಂದುಕೊಂಡೆ. ಹಾಗೆ ಅಂದುಕೊಳ್ಳುತ್ತಲೇ ನಿದ್ದೆ ಹೋದೆ.

ಎಚ್ಚರವಾದಾಗ ಎಡಗಡೆಯ ಕಿಟಕಿ ಕಾಣಿಸಿತು. ಬಲಗಡೆಯದನ್ನು ನೋಡೋಣವೆಂದರೆ ತಲೆ ಒಪ್ಪಲಿಲ್ಲ. ಮೈ ಮೇಲೆದ್ದಿತು, ಕತ್ತು ಮಾತ್ರ ಎಡಭುಜದ ಕಡೆ ತಿರುಗಿ ಅಲ್ಲೇ ಕೀಲು ಹಾಕಿಕೊಂಡಿತ್ತು. ಒಂದಿಷ್ಟು ಎಳೆದು ನೋಡಿದೆ. ಬೆನ್ನಿನಿಂದ ನೆತ್ತಿಯವರೆಗೆ ಮಿಂಚು ಹೊಡೆದ ಹಾಗಾಗಿ ಕಣ್ಣಲ್ಲಿ ನೀರು ಬಂತು. ಕಿಟಕಿಗಳನ್ನು ಮುಚ್ಚಿ ಸಾಕ್ಷ್ಯ ನಾಶ ಮಾಡೋಣವೆಂದರೆ ಕೈ ಎತ್ತಲು ಆಗುತ್ತಿಲ್ಲ. ಅಷ್ಟರಲ್ಲಿ ಗೇಟಿನ ಸದ್ದಾಯಿತು.

ತಾಯಿ ಮಗಳು ಅಂಗಳದಲ್ಲಿ ನಿಂತರು. ಎರಡೂ ಕಡೆ ಪರದೆಗಳು ಬಾವುಟಗಳ ಹಾಗೆ ಹಾರಾಡುತ್ತಿದ್ದವು. ನಡುವೆ ಬಾಗಿಲಲ್ಲಿ ನಾನು, ಬರಿಮೈಯಲ್ಲಿ, ಪಕ್ಕದ ಮನೆಯ ಕಡೆ ಮುಖ ಮಾಡಿಕೊಂಡು. ಅತ್ತೆ ಮೊದಲು ಶಿಲುಬೆಯ ಗುರುತು ಹಾಕಿಕೊಂಡರು. ಆಮೇಲೆ ನನ್ನ ಸುತ್ತ ಬಂದು, ನನ್ನ ಮುಖ ಇದ್ದ ಕಡೆ ನಿಂತು, ಚೆನ್ನಾಗಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಾಗಿತ್ತು.

“ಸದ್ಯ, ಬಾಯಿ ಸೊಟ್ಟ ಆಗಿಲ್ಲ,” ಎಂದು ಮಗಳಿಗೆ ಹೇಳಿದರು. “ಅಡ್ಡಗಾಳಿ ಒಳ್ಳೇದು. ಇಷ್ಟಕ್ಕೇ ಬಿಟ್ಟಿದೆ.”

ಇದು ಗಾಳಿಯಿಂದ ಆದದ್ದಲ್ಲ, ಗಾಡಿಯಿಂದ ಆದದ್ದು, ಬೆಳಿಗ್ಗೆಯಿಂದ ರಿವರ್ಸ್ ಹಾಕಿ ಕತ್ತು ಹಿಡಿದಿದೆ ಎಂದು ನಾನು ನೆರೆಮನೆಯ ಬೇಲಿಗೆ ವಿವರಿಸಿದೆ. ಬೇಲಿಯೂ ನಂಬಲಿಲ್ಲ. ಲೆಪಾ ನನ್ನನ್ನು ವೈದ್ಯರ ಬಳಿ ಕರೆದುಕೊಂಡು ಹೋದಳು. ಓದಿದವರು, ವಿಜ್ಞಾನ ಗೊತ್ತಿರುವವರು, ನ್ಯಾಯ ಸಿಗುತ್ತದೆ ಎಂದುಕೊಂಡು ನಾನು ಒಳಗೆ ಕಾಲಿಟ್ಟೆ. ವೈದ್ಯರು ನನ್ನನ್ನು ನೋಡಿದ ತಕ್ಷಣ, ಎಲ್ಲಿ ಮಲಗಿದ್ದಿರಿ, ಕಿಟಕಿ ತೆರೆದಿತ್ತೇ ಎಂದರು. ಎಷ್ಟು ಕಿಟಕಿ ಎಂದರು. ಲೆಪಾ ಸಂಖ್ಯೆ ಹೇಳಿದಾಗ ಅವರ ಕೈಯಲ್ಲಿದ್ದ ಪೆನ್ನು ನಿಂತುಹೋಯಿತು. ಸೂಜಿ ಚುಚ್ಚಿ, ಒಂದು ವಾರ ಹಾಸಿಗೆ ಬಿಟ್ಟು ಏಳಬಾರದು, ಗಾಡಿ ಮುಟ್ಟಬಾರದು ಎಂದು ಹೇಳಿ, ನಾವು ಎದ್ದ ಮೇಲೆ ತಾವೂ ಎದ್ದು ಹೋಗಿ ತಮ್ಮ ಕೋಣೆಯ ಕಿಟಕಿ ಇನ್ನೊಂದು ಸಲ ಒತ್ತಿ ನೋಡಿದರು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಎನ್ನುತ್ತಾರಲ್ಲ, ಆ ಮಹಾಪುರುಷ ನಾನೇ.

ಮನೆಗೆ ಬಂದ ಮೇಲೆ ಅತ್ತೆ ಎಲೆಕೋಸಿನ ಎಲೆಗಳನ್ನು ಜಜ್ಜಿ, ಪ್ಲಮ್ ಸಾರಾಯಿಯಲ್ಲಿ ಅದ್ದಿ ನನ್ನ ಕತ್ತಿಗೆ ಸುತ್ತಿ, ಮೇಲೆ ಉಣ್ಣೆ ಶಾಲು ಕಟ್ಟಿದರು. ಕುಡಿಯಬೇಕಾದ ವಸ್ತು ಕಿವಿಯ ಕೆಳಗೆ ವ್ಯರ್ಥವಾಗಿ ಇಳಿಯುತ್ತಿತ್ತು. ಭಾನುವಾರ ಸಂಜೆ ಲೆಪಾ ಹಾಸಿಗೆಯ ಪಕ್ಕ ಬಂದು ಕೂತಳು. ನಾಳೆ ಹೊರಡಬೇಕಿತ್ತು, ಮುಂದಿನ ವಾರ ಗಾಡಿ ಸಿಗುವುದಿಲ್ಲ. ಅವಳು ಸರೋವರದ ಮಾತನ್ನು ಎತ್ತಲಿಲ್ಲ. ಅವಳ ಮುಖ ನೋಡಿ ನನಗೆ ನಿಜವಾಗಿಯೂ ಪಾಪ ಅನ್ನಿಸಿತು. ಆಗ ನನ್ನ ಬಾಯಿಂದ ಒಂದು ತ್ಯಾಗದ ಮಾತು ಬಂತು.

“ನನ್ನ ಯೋಚನೆ ಬಿಡು ಲೆಪಾ. ನೀವಿಬ್ರೇ ಹೋಗ್ಬನ್ನಿ. ನಾನು ಹೇಗೋ ಇರ್ತೀನಿ.”

ಇಂಥ ಮಾತನ್ನು ಗಂಡಸು ಯಾಕೆ ಆಡುತ್ತಾನೆ ಎಂದು ಪ್ರಪಂಚದ ಎಲ್ಲ ಹೆಂಡಂದಿರಿಗೂ ಗೊತ್ತಿರಬೇಕು. ‘ಛೆ, ನಿನ್ನನ್ನು ಬಿಟ್ಟು ನಾನು ಹೇಗೆ ಹೋಗಲಿ’ ಎಂದು ಅವಳು ಹೇಳಬೇಕು, ಇವನು ಇನ್ನೊಂದು ಸಲ ಒತ್ತಾಯ ಮಾಡಬೇಕು, ಅವಳು ಕಣ್ಣೊರೆಸಿಕೊಳ್ಳಬೇಕು. ಪದ್ಧತಿ ಅಂತ ಒಂದಿದೆ. ಲೆಪಾ ಒಂದು ನಿಮಿಷ ಯೋಚನೆ ಮಾಡಿದಳು.

“ಸರಿ,” ಎಂದಳು.

ಸೋಮವಾರ ಬೆಳಿಗ್ಗೆ ನಾನು ಎಡಭುಜ ಕಿಟಕಿಗೆ ಆನಿಸಿ ನಿಂತು (ಮುಂದೆ ನೋಡಬೇಕಾದರೆ ನಾನೀಗ ಹಾಗೇ ನಿಲ್ಲಬೇಕು) ನೋಡಿದೆ. ಲೆಪಾ ಚಾಲಕನ ಸೀಟಿನಲ್ಲಿ ಕೂತು ಕನ್ನಡಿ ಸರಿಮಾಡಿಕೊಂಡಳು. ಒಂದು ಕೈಯಲ್ಲಿ ಸ್ಟಿಯರಿಂಗ್, ಇನ್ನೊಂದರಲ್ಲಿ ಬನ್ನು. ಆನೆ ಒಂದೇ ಉಸಿರಿಗೆ ಹಿಂದಕ್ಕೆ ಹೋಗಿ, ಮರವನ್ನೂ ಬೇಲಿಯನ್ನೂ ಮುಟ್ಟದೆ, ರಸ್ತೆಗೆ ಇಳಿದು ನಿಂತಿತು. ಅಷ್ಟರಲ್ಲಿ ಅತ್ತೆ ಏನೋ ಮರೆತವರಂತೆ ಇಳಿದು ಒಳಗೆ ಬಂದರು. ಕೈಯಲ್ಲಿ ಹಾವಿತ್ತು. ಅದನ್ನು ನನ್ನ ಹಾಸಿಗೆಯ ಪಕ್ಕದ ಕುರ್ಚಿಯ ಮೇಲೆ ನನ್ನ ಕಡೆ ಮುಖ ಮಾಡಿ ಇಟ್ಟರು.

“ಇದು ಇಲ್ಲೇ ಇರ್ಲಿ ಅಳಿಯಂದಿರೇ. ನಿಮಗೇ ಬೇಕಾಗುತ್ತೆ.”

ಅವರು ಹೋದ ಮೇಲೆ ನಾನು ಮಾಡಿದ ಮೊದಲ ಕೆಲಸ, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ಅಲ್ಲಿನ ಕಿಟಕಿಯನ್ನು ಹಾರು ಹೊಡೆದದ್ದು. ಇದು ತತ್ವದ ಪ್ರಶ್ನೆ. ಕತ್ತು ಬೇಕಾದರೆ ಬಾಗಲಿ, ವಿತೊಮಿರ್ ಬಾಗುವುದಿಲ್ಲ. ಹಾವಿನ ಮೇಲೆ ಒಂದು ದಿಂಬು ಮುಚ್ಚಿ ಮಲಗಿದೆ. ಮಾರನೆಯ ದಿನ ಸಂಜೆ ಲೆಪಾಳ ಫೋನ್ ಬಂತು. ಬಂದು ತಲುಪಿದೆವು, ದಾರಿಯ ಎತ್ತರದ ಸೇತುವೆಯ ಮೇಲೆ ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು, ಗಡಿಯಲ್ಲಿ ಕಕ್ಕಸಿನ ಬಗ್ಗೆ ಯಾರೂ ಕೇಳಲಿಲ್ಲ, ಸರೋವರ ನೋಡಿದೆ ಎಂದು ಹೇಳಿದಳು. ಸರೋವರ ಎನ್ನುವಾಗ ಅವಳ ದನಿ ಮದುವೆಯಾದ ಹೊಸದರಲ್ಲಿ ಇದ್ದ ಹಾಗೆ ಇತ್ತು, ಚೌಕಟ್ಟು ಹಿಡಿಯುವುದಕ್ಕೆ ಮುಂಚೆ. ನನಗೂ ಸಂತೋಷವಾಯಿತು. ಆದರೆ ಅವಳ ಮಾತಿನ ಹಿಂದೆ ಒಂದು ಸದ್ದು ಬರುತ್ತಿತ್ತು.

“ಅದೇನದು ಪಟಪಟ ಅಂತಿದೆ?” ಎಂದೆ.

“ಪರದೆ.”

“ಪರದೆ ಯಾಕೆ ಪಟಪಟ ಅನ್ನುತ್ತೆ?”

“ಕಿಟಕಿ ತೆಗ್ದಿದೀವಲ್ಲ.”

“ಯಾವ ಕಡೇದು?”

“ಎರಡೂ ಕಡೇದು. ಮೇಲಿಂದೂ ತೆಗ್ದಿದೀವಿ. ನಿನ್ನೆ ರಾತ್ರಿನೂ ಹಾಗೇ ಮಲಗಿದ್ವಿ. ಎಂಥಾ ನಿದ್ದೆ ಅಂತೀಯ.”

ಕತ್ತಿನಿಂದ ಎಲೆಕೋಸಿನ ನೀರು ಬೆನ್ನಿಗೆ ಇಳಿಯಿತು. ಅಮ್ಮ ಎಲ್ಲಿ ಎಂದು ಕೇಳಿದೆ. ಕಿಟಕಿಯ ಬುಡದಲ್ಲೇ, ಶಾಲು ತೆಗೆದುಹಾಕಿ, ಕಾಲುಚೀಲವನ್ನೂ ಬಿಚ್ಚಿ ಮಲಗಿದ್ದಾಳೆ ಎಂದಳು. ಹಾಗಾದರೆ ಅಡ್ಡಗಾಳಿ ಎಂದೆ. ಮೂವತ್ತೊಂದು ವರ್ಷಗಳ ಪ್ರಶ್ನೆ ಅದು.

“ಇಲ್ಲೆಲ್ಲಿ ಮಾರಾಯ ಗಾಳಿ? ಇದು ಬೆಟ್ಟದ ಹವಾ. ಗಾಳಿಯಿಂದ ಕಾಯಿಲೆ ಬರೋದು, ಹವಾದಿಂದ ವಾಸಿಯಾಗೋದು. ಅಷ್ಟೂ ಗೊತ್ತಿಲ್ವ ನಿಂಗೆ?”

ಅಳಿಯ ಅಲ್ಲ, ಮಗಳ ಗಂಡ ಎಂಬ ಗಾದೆ ಕೇಳಿದ್ದೆ. ಆ ಅಳಿಯನೂ ನಾನೇ, ಆ ಮಗಳ ಗಂಡನೂ ನಾನೇ ಆಗಿ, ಎರಡು ಕಡೆಯಿಂದಲೂ ಹೊಡೆತ ತಿಂದದ್ದು ಅವತ್ತೇ. ಅದೇ ಗಾಡಿ, ಅವೇ ಕಿಟಕಿಗಳು, ಅವೇ ಪರದೆಗಳು. ಅಂಗಳದಲ್ಲಿ ನಿಂತಿದ್ದಾಗ ಗಾಳಿ, ಗಡಿ ದಾಟಿದ ಮೇಲೆ ಹವಾ. ದುರ್ಮಿತೊರ್ ಪರ್ವತದ ಹೆಸರಿನಲ್ಲೇ ಒಂದು ‘ದುರ್’ ಇದೆ, ನಾನು ಮೊದಲೇ ಗಮನಿಸಬೇಕಾಗಿತ್ತು. ನಾನು ಯೋಜನೆ ಹಾಕಿದ ನಿದ್ದೆಯನ್ನು, ನಾನು ಆರಿಸಿದ ಹಾಸಿಗೆಯ ಮೇಲೆ, ನನ್ನ ಅತ್ತೆ ಮಲಗಿ ಮಾಡುತ್ತಿದ್ದರು. ಅವರ ಗೊರಕೆಯೂ ಫೋನಿನಲ್ಲಿ ಸಣ್ಣಗೆ ಕೇಳಿಸುತ್ತಿತ್ತು, ಬಹಳ ನೆಮ್ಮದಿಯ ಗೊರಕೆ.

ಫೋನ್ ಇಟ್ಟು, ನ್ಯಾಯ ಎಂಬುದು ಈ ಲೋಕದಲ್ಲಿ ಇದೆಯೇ ಎಂದು ಯೋಚಿಸುತ್ತ ಮಲಗಿದ್ದೆ. ಆಗ ಮುಂಬಾಗಿಲು ತೆರೆದುಕೊಂಡಿತು. ಮಿಲೋಯೆ ಎರಡು ಕೈಯಲ್ಲೂ ಸಾರಿನ ಪಾತ್ರೆ ಹಿಡಿದು, ಬಾಗಿಲನ್ನು ಹಾಗೇ ಬಿಟ್ಟು, ಗಾಡಿಗೆ ಗೀರು ಬಿದ್ದಿದೆಯಂತಾ ಎಂದು ಕೇಳುತ್ತ ಒಳಗೆ ಬಂದ. ಅಡುಗೆಮನೆಯಲ್ಲಿ ನಾನು ತತ್ವಕ್ಕಾಗಿ ತೆರೆದಿಟ್ಟ ಕಿಟಕಿ ಇತ್ತು. ಇಲ್ಲಿ ಬಾಗಿಲು. ಎರಡರ ನಡುವೆ ನನ್ನ ಹಾಸಿಗೆ. ತಣ್ಣನೆಯದೊಂದು ಎಳೆ ಬಂದು ಶಾಲಿನ ಅಂಚಿನಲ್ಲಿ, ಕಿವಿಯ ಹಿಂದೆ, ಎಲೆಕೋಸು ಜಾರಿದ್ದ ಜಾಗದಲ್ಲಿ ಸರಿಯಾಗಿ ಸೋಕಿತು. ಕತ್ತಿನ ನರ ಚುಳ್ ಎಂದಿತು.

“ಬಾಗಿಲು ಹಾಕು. ಗಾಳಿ.”

ಮಿಲೋಯೆ ಬೆಚ್ಚಿ ನಿಂತ. ಸಾರು ತುಳುಕಿತು. ಕೋಣೆಯ ಮೂಲೆಮೂಲೆಯನ್ನೂ ನೋಡಿ ಆಮೇಲೆ ನನ್ನನ್ನು ನೋಡಿದ.

“ಒಂದು ಕ್ಷಣ ಕ್ರೂನಮ್ಮನೇ ವಾಪಸ್ ಬಂದ್ಬಿಟ್ರೇನೋ ಅಂದ್ಕೊಂಡೆ,” ಎಂದ.

ಅವನು ಬಾಗಿಲು ಹಾಕಿ ಬಂದ ಮೇಲೆ ಅಡುಗೆಮನೆಯ ಕಿಟಕಿಯನ್ನೂ ಮುಚ್ಚಲು ಹೇಳಿದೆ. ಆಮೇಲೆ, ಅವನ ಮುಖ ನೋಡುವ ಧೈರ್ಯವಿಲ್ಲದೆ (ಅದೃಷ್ಟಕ್ಕೆ ನನ್ನ ಮುಖ ಬೇರೆ ಕಡೆ ಇತ್ತು), ಕುರ್ಚಿಯ ಮೇಲಿನ ದಿಂಬು ಎತ್ತಿ, ಅದರ ಕೆಳಗಿರುವ ಹಾವನ್ನು ಬಾಗಿಲ ಬುಡಕ್ಕೆ ಸರಿಸಿಬಿಡು ಎಂದೆ.